ಮೂರು ರಾಜರು, ಒಂದು ಎಮ್ಮೆ

ಬರಗಾಲದಲ್ಲಿ ನಮ್ಮ ಔರಾದದ ಹೊಲಗಳಲ್ಲಿ ಏನೂ ಬೆಳೆಯಲಿಲ್ಲ, ಆದರೆ ನನ್ನ ಹಿಟ್ಟಿನ ಗಿರಣಿಯಲ್ಲಿ ಇಂಥ ಪ್ರಸಂಗಗಳು ಮಾತ್ರ ಹುಲುಸಾಗಿ ಬೆಳೆದವು.

೧. ಉಸ್ತಾದನ ಆಟ

ಬೀಸಲು ಜೋಳವಿಲ್ಲ, ಗಿರಣಿ ಖಾಲಿ. ಹಾಗಾಗಿ ಮೂರೆಲೆ ಇಸ್ಪೀಟು ಶುರುವಾಯಿತು. ಪಣ ರೊಕ್ಕವಲ್ಲ, ನೀರಿನ ಟ್ಯಾಂಕರಿನ ಮೊದಲ ಪಾಳಿ. ಸೋತವನ ಕೊಡಕ್ಕೆ ತಳದ ಕೆಸರು. ಎಲೆ ಕೆಟ್ಟದಿದ್ದರೆ ‘ಪ್ಯಾಕ್’ ಎಂದು ಕವುಚಿಟ್ಟು ಹಿಂದೆ ಸರಿಯಬಹುದು. ಆದರೆ ನಾನು ಬೀದರ, ಭಾಲ್ಕಿ ಎರಡೂ ಕಡೆ ಕೈ ಪಳಗಿಸಿದ ಉಸ್ತಾದ, ಬಂದ ಎಲೆ ಬಿಟ್ಟವನೇ ಅಲ್ಲ.

“ಕಾಕಾ, ಎಲಿ ಆರಿಸಿ ಆಡ್ರಿ,” ಎಂದರು ಸಾಲಿ ಮಾಸ್ತರು.

“ಆರಸ್ಲಾಕ ಇವೇನು ಬದನಿಕಾಯೇನ್ರಿ?”

ಹದಿನೈದು ದಿನ ನಮ್ಮ ಮನೆಯ ಚಹಾಕ್ಕೆ ಪುಡಿಯೇ ಬೇಕಾಗಲಿಲ್ಲ. ನೀರೇ ಆ ಬಣ್ಣದ್ದಿತ್ತು.

೨. ಎಲ್ಲಾ ಪ್ಯಾಕ್

ಗಿರಣಿಯ ಗೋಡೆಗೆ ಹತ್ತಿಯೇ ಬಡಿಗನ ಮನೆ. ಒಂದು ಮಧ್ಯಾಹ್ನ ಆಟಕ್ಕೆ ಕೂತ ಅವನಿಗೆ ಸಾಲಾಗಿ ಕೆಟ್ಟ ಎಲೆ. “ಪ್ಯಾಕ್! ಮತ್ತ ಪ್ಯಾಕ್! ಎಲ್ಲಾ ಪ್ಯಾಕ್!” ಎಂದು ಚೀರಿದ. ಅರ್ಧ ಓಣಿ ಆಗಲೇ ಕೂಲಿಗೆಂದು ಹೈದರಾಬಾದ ಸೇರಿತ್ತು. ಗೋಡೆಯಾಚೆ ಅವನ ಹೆಂಡತಿ ಕೇಳಿಸಿಕೊಂಡಳು. ಅವನು ಮನೆಗೆ ಹೋದರೆ ಒಲೆ ತಣ್ಣಗೆ, ಕೊಟ್ಟಿಗೆ ಖಾಲಿ. ಆಕೆ ಗಂಟು ಕಟ್ಟಿ, ಎಮ್ಮೆ ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಳು.

“ಅದು ಎಲಿ ಮಾತು ಅದ, ನಮ್ಮವ್ವ!” ಎಂದು ಗಂಡ ಓಡಿಬಂದ.

“ನೀವ ಅಂದ್ರಲ್ಲಾ, ಎಲ್ಲಾ ಪ್ಯಾಕ್ ಅಂತ!”

ಕಂಡಕ್ಟರ್ ನಡುವೆ ಬಂದ: “ಅಕ್ಕಾ, ಎಮ್ಮಿಗಿ ಫುಲ್ಲೋ, ಹಾಫೋ?”

೩. ಕೊನೇ ಕೈ

ಮರುದಿನ ಬಡಿಗನ ಹೆಂಡತಿಯೇ ಬಂದು ಆಟಕ್ಕೆ ಕೂತಳು. “ಎಮ್ಮಿಗಿ ನೀರಿಲ್ದಿದ್ರ ಖರೇನೇ ಹೈದ್ರಾಬಾದಿಗಿ ಹೋಗಬೇಕಾತದ. ಗಂಟು ಇನ್ನಾ ಬಿಚ್ಚಿಲ್ಲ. ಎಲಿ ಹಾಕ್ರಿ.”

ನಾವು ನಕ್ಕೆವು. ಆಕೆ ಎಲೆ ನೋಡುವುದು, “ಪ್ಯಾಕ್” ಅನ್ನುವುದು. ಮೂರು ದಿನ ಅದೇ ಜಪ. “ಆಡ್ತೇನಿ” ಎಂದದ್ದು ಎರಡೇ ಸಲ. ನೀರಿಲ್ಲದ ವರ್ಷದಲ್ಲೂ ಎರಡೂ ಸಲ ನಮ್ಮನ್ನು ತೊಳೆದುಬಿಟ್ಟಳು. ಎಂಥಾ ಹೆಣ್ಣುಮಗಳು!

ನಾಲ್ಕನೇ ದಿನ ಇಡೀ ತಿಂಗಳ ಮೊದಲ ಪಾಳಿಗೆ ಒಂದೇ ಕೈ. ಎಲೆ ಎತ್ತಿದೆ. ಮೂರು ರಾಜ! ಜನ್ಮದಲ್ಲಿ ಮೊದಲ ಸಲ. ಅಷ್ಟರಲ್ಲಿ ಆಕೆ ಸೆರಗು ಸಿಕ್ಕಿಸಿ, “ಆಡ್ತೇನಿ,” ಎಂದಳು.

ಮಾಸ್ತರು ಪ್ಯಾಕ್. ಗಂಡನೂ ಪ್ಯಾಕ್. ಮೂರು ರಾಜರನ್ನು ಸೋಲಿಸುವುದು ಮೂರು ಎಕ್ಕ ಮಾತ್ರ. ಈಕೆ ಆಡುತ್ತಾಳೆಂದರೆ ಮೂರು ಎಕ್ಕವೇ ಇರಬೇಕು. ಬುದ್ಧಿವಂತನಾದೆ. ಎಲೆ ಕವುಚಿದೆ: “ಪ್ಯಾಕ್!”

ಆಕೆ ತನ್ನ ಎಲೆ ತಿರುವಿದಳು. ಎರಡು, ನಾಲ್ಕು, ಏಳು. ಒಂದಕ್ಕೊಂದು ಸಂಬಂಧವಿಲ್ಲದ ಕಸ!

“ಯವ್ವಾ, ಇದನ್ನ ಹಿಡಕೊಂಡು ಹ್ಯಾಂಗ ಆಡಿದಿ?”

“ಮೂರು ದಿನ ‘ಪ್ಯಾಕ್’ ಅಂದು ಆರಿಸಿದ್ದು ಎಲಿ ಅಲ್ರಿ ಕಾಕಾ, ನಿಮಗ ಅಂಜಿಕಿ ಹಾಕೋ ದಿನಾ,” ಎಂದು ಎದ್ದಳು ಗಂಟು ಬಿಚ್ಚಲು.

ಬೀದರ ಕಿಲ್ಲಾದಿಂದ ಎಷ್ಟೋ ರಾಜರು ಓಡಿಹೋಗಿರಬಹುದು. ಆದರೆ ಮೂವರು ರಾಜರನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿದ ಶೂರ ಮಾತ್ರ ನಾನೊಬ್ಬನೇ. ಅದೂ ಒಂದು ಎಮ್ಮೆಯ ನೀರಡಿಕೆಯ ಎದುರು!