ಧರ್ಮದ ಫೋನು

ಆ ಬೆಳಿಗ್ಗೆ ಪುಟ್ಟರಾಜು ತೆಂಗಿನಕಾಯಿ ಒಡೆದು ಸುಮ್ಮನಿದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಬಾಯಿ ಕೇಳಲಿಲ್ಲ. ಹಳೇಬೀಡಿನ ಬಸ್ ಸ್ಟ್ಯಾಂಡಿನೆದುರು ತನ್ನ ಹೊಸ ಎಸ್.ಟಿ.ಡಿ. ಬೂತಿನ ಮುಂದೆ ನಿಂತು, "ಇದರಲ್ಲಿ ಬರೋ ಲಾಭ ಒಂದು ಪೈಸೆನೂ ನಂಗೆ ಬ್ಯಾಡ. ಎಲ್ಲಾ ಧರ್ಮಕ್ಕೆ!" ಎಂದುಬಿಟ್ಟ.

ಮಾತು ಸುಳ್ಳಲ್ಲ. ಅವನ ಹೆಂಡತಿ ಚಿತ್ರಾ ಓದಿದ್ದು ಹಾಸ್ಟೆಲಿನಲ್ಲಿದ್ದುಕೊಂಡು. ಮಾಗಿ ಚಳಿಯಲ್ಲಿ ಮೂವರು ಹುಡುಗಿಯರು ಒಂದೇ ಕಂಬಳಿ ಎಳೆದಾಡಿಕೊಂಡು ಮಲಗುತ್ತಿದ್ದುದನ್ನು ಅವಳು ನಗುನಗುತ್ತಲೇ ಹೇಳಿದ್ದಳು. ಅವನಿಗೆ ನಗು ಬಂದಿರಲಿಲ್ಲ. ಹಾಸ್ಟೆಲ್ ಹುಡುಗಿಯರಿಗೆ ಕಂಬಳಿ ಕೊಡಿಸಲೆಂದೇ ಮೊದಲು ಪ್ರವಾಸಿಗರಿಗೆ ಸೈಕಲ್ ಬಾಡಿಗೆಗೆ ಕೊಟ್ಟ. ಸೈಕಲ್ಲುಗಳು ಬೇಲೂರಿಗೆ ಹೋದವು, ವಾಪಸು ಬರಲಿಲ್ಲ. ಆಮೇಲೆ ಕ್ಯಾಸೆಟ್ ಅಂಗಡಿ ಇಟ್ಟ. ಊರವರು ಅಲ್ಲೇ ಕೂತು ಹಾಡು ಕೇಳಿ ಎದ್ದುಹೋದರು. ಇದು ಮೂರನೆಯದು.

ಮೊದಲ ಗಿರಾಕಿ ಪಕ್ಕದ ಮನೆಯ ಕಾಂತಮ್ಮ. ಶಿವಮೊಗ್ಗದಲ್ಲಿದ್ದ ಮಗಳ ಕೈಲಿ ಫೋನಿನಲ್ಲೇ ಹುಳಿ ಮಾಡಿಸಿದರು. ಬೇಳೆ ಬೇಯುವವರೆಗೂ ರಿಸೀವರ್ ಕೆಳಗಿಡಲಿಲ್ಲ. ಮೀಟರಿನ ಕೆಂಪು ಅಂಕಿಗಳು ಬಾಲಕ್ಕೆ ಬೆಂಕಿ ಬಿದ್ದ ಕೋತಿಯಂತೆ ಓಡಿದವು. ಮಾತು ಮುಗಿಸಿ ಹೊರಟವರನ್ನು ಪುಟ್ಟರಾಜು ತಡೆದ.

"ಕಾಂತಕ್ಕ, ದುಡ್ಡು?"

"ಯಾವ ದುಡ್ಡಪ್ಪಾ? ಧರ್ಮಕ್ಕೆ ಅಂತ ನೀನೇ ಬಾಯ್ತುಂಬ ಹೇಳ್ದಲ್ಲ!"

"ಲಾಭ ಧರ್ಮಕ್ಕೆ ಕಣಕ್ಕ, ಫೋನಲ್ಲ. ನೀವು ದುಡ್ಡು ಕೊಟ್ರೆ ತಾನೇ ಲಾಭ ಬರೋದು?"

"ದುಡ್ಡಿಸ್ಕೊಂಡು ಮಾಡೋದಕ್ಕೆ ವ್ಯಾಪಾರ ಅಂತಾರೆ ಕಣೋ," ಎಂದು ಬುದ್ಧಿ ಹೇಳಿ ಕಾಂತಮ್ಮ ನಡೆದೇಬಿಟ್ಟರು.

ಅಷ್ಟರಲ್ಲಿ ಅದೇ ಬೀದಿಯ ಜವರಣ್ಣ ಒಳಗೆ ನುಗ್ಗಿ ಅರಸೀಕೆರೆಯ ಭಾವಮೈದುನನ ಜೊತೆ ಜಗಳ ಶುರು ಮಾಡಿದ್ದ. ಆ ಕಡೆಯವನು ಫೋನು ಕುಕ್ಕಿದ. ಜವರಣ್ಣ ಮತ್ತೆ ನಂಬರು ಒತ್ತಿ, ಬಿಟ್ಟಲ್ಲಿಂದ ಬಯ್ಗುಳ ಮುಂದುವರಿಸಿದ.

ಪುಣ್ಯಕ್ಕೆ, ಅವನ ನಂತರ ದೇವಸ್ಥಾನ ನೋಡಲು ಬಂದಿದ್ದ ಪರವೂರಿನವರೊಬ್ಬರು ಮಾತಾಡಿ ಜೇಬಿಗೆ ಕೈ ಹಾಕಿದರು. ಪುಟ್ಟರಾಜುವಿನ ಮುಖ ಅರಳಿತು. ಇನ್ನೂ ಅಲ್ಲೇ ನಿಂತಿದ್ದ ಜವರಣ್ಣ ಆ ಕೈಯನ್ನು ಗಬಕ್ಕನೆ ಹಿಡಿದ.

"ಬ್ಯಾಡಿ ಸ್ವಾಮಿ! ಧರ್ಮದಂಗಡೀಲಿ ದುಡ್ಡು ಈಸ್ಕೊಂಡ್ರೆ ಪಾಪ ಇವ್ನಿಗೇ ಸುತ್ಕೊತೈತೆ. ಒಳ್ಳೆ ಹುಡ್ಗ, ಅನ್ಯಾಯ ಮಾಡ್ಬ್ಯಾಡಿ."

ಅವರು ಪುಟ್ಟರಾಜುವಿಗೆ ಭಕ್ತಿಯಿಂದ ಕೈಮುಗಿದು ಬಸ್ ಹತ್ತಿದರು.

ಸಂಜೆ ಹೊತ್ತಿಗೆ ಅವನು ಮೀಟರ್ ನೋಡುವುದನ್ನೇ ಬಿಟ್ಟು ತಲೆ ಮೇಲೆ ಕೈಹೊತ್ತು ಕೂತಿದ್ದ. ಆಗ ಬಂದವರು ಕರಿಬಸವಯ್ಯ ಮೇಷ್ಟ್ರು. ನಿವೃತ್ತರಾದ ಮೇಲೆ ಊರ ಉಸಾಬರಿಯನ್ನೇ ಉದ್ಯೋಗ ಮಾಡಿಕೊಂಡವರು.

"ಹೆದರ್ಬೇಡವೋ. ನಿನ್ನ ಧರ್ಮಕಾರ್ಯಕ್ಕೆ ಅಂತ ಊರೆಲ್ಲ ಚಂದಾ ಎತ್ತಿದೀವಿ. ಕಾಂತಮ್ಮ, ಜವರಣ್ಣ, ಎಲ್ರೂ ಕೊಟ್ರು."

ಪುಟ್ಟರಾಜು ತಟ್ಟನೆ ಎದ್ದು ನಿಂತ. ಎಂಥ ಜನ! ಸುಮ್ಮನೆ ಬೈದುಕೊಂಡೆನಲ್ಲ. ಫೋನಿನ ಬಿಲ್ಲು ಕಟ್ಟಿ ಉಳಿದದ್ದರಲ್ಲಿ ನಾಲ್ಕು ಕಂಬಳಿಯಾದರೂ ಬಂದೀತು.

"ಕೊಡಿ ಮೇಷ್ಟ್ರೇ," ಎಂದು ಎರಡೂ ಕೈ ಚಾಚಿದ.

"ಎಲ್ಲಿದೆಯೋ? ಆಗ್ಲೇ ಖರ್ಚಾಯ್ತು. ಒಳ್ಳೆ ಕೆಲಸಕ್ಕೆ ಪ್ರಚಾರ ಬೇಡ್ವೇನೋ? ಮಧ್ಯಾಹ್ನದಿಂದ ಆಟೋಗೆ ಮೈಕ್ ಕಟ್ಟಿಸಿ ಗೆಂಡೆಹಳ್ಳಿ, ಮಾದಿಹಳ್ಳಿಗೆಲ್ಲ ಸಾರಿಸ್ತಿದೀವಿ."

"ಏನಂತ ಮೇಷ್ಟ್ರೇ?"

ಅವರು ಬಾಯಿ ತೆರೆಯುವ ಮೊದಲೇ ಮಾದಿಹಳ್ಳಿ ಕಡೆಯ ಬಸ್ಸು ಸ್ಟ್ಯಾಂಡಿನೊಳಗೆ ಹೋಗದೆ ಬೂತಿನ ಮುಂದೆಯೇ ನಿಂತಿತು. ಟಾಪಿನ ಮೇಲೂ ಜನ. ಎಲ್ಲರಿಗಿಂತ ಮೊದಲು ಧುಮುಕಿದವನು ಕಂಡಕ್ಟರ್.

"ಅಣ್ಣಾ, ಪುಕ್ಕಟೆ ಫೋನು ಇದೇ ಅಲ್ವಾ? ಬಾಂಬೆಗೆ ಲೈನ್ ಸಿಗ್ತೈತಾ?"