ಒಂದೇ ಹಗ್ಗದ ಟವೆಲ್

ಯುಗಾದಿ ಮಾರನೆಯ ವರ್ಷತೊಡಕಿನ ದಿನ ಮಾಡಿದ್ದೇ ವರ್ಷವೆಲ್ಲ ಎನ್ನುತ್ತಾರೆ. ಏಳನೇ ಕ್ಲಾಸಿನ ಚೀಲ ಬಿಸಾಕಿ ನಾನು ಮೊದಲ ಸಲ ಮನೆ ಬಿಟ್ಟದ್ದು ಅವತ್ತೇ. ಆಮೇಲೆ ಕಾಲು ನಿಂತಿಲ್ಲ. ಈಗ ಹೇಳುವಂಥ ಫಜೀತಿಗಳೂ ತಪ್ಪಿಲ್ಲ.

೧. ಸ್ನೇಹಿತನ ಕಡಿತ

ಲಾರಿಗೆ ಬಾಳೆಗೊನೆ ಲೋಡ್ ಮಾಡುವಾಗ ತೊಡೆಸಂದಿನಲ್ಲಿ ನವೆ ಶುರುವಾಯ್ತು. ಹುಳುಕಡ್ಡಿ ಅಂದುಕೊಂಡು ಗುಂಡ್ಲುಪೇಟೆಯ ಮೆಡಿಕಲ್ಸಿಗೆ ಹೋದರೆ ಅಂಗಡಿ ತುಂಬ ಹೆಂಗಸರು. "ನನ್ನ ಸ್ನೇಹಿತನಿಗೆ ಕಡಿತ, ಮುಲಾಮು ಕೊಡಿ" ಅಂದೆ.

ಅಂಗಡಿಯವನು ನನ್ನ ಕೈ ಕಡೆ ನೋಡಿದ. "ಕಡಿತ ಅವನಿಗೆ, ನೀನ್ಯಾಕಪ್ಪ ಕೆರ್ಕತಿದ್ದೀಯೆ?"

೨. ಆಣೆ

ಮುಲಾಮು ಹಚ್ಚಿದರೆ ಇಳಿಯುವುದು, ಬಿಟ್ಟರೆ ಎರಡರಷ್ಟು. ಮೂರು ತಿಂಗಳು ಹೆಂಡತಿಗೂ ಹೇಳಲಿಲ್ಲ. ಕೊನೆಗೆ ಅವಳೇ ಕಂಡುಹಿಡಿದಳು.

"ಲೋಡ್ ತಕ್ಕಂಡು ಕೇರಳಕ್ಕೋದಾಗ ಯಾರ ಮನೇಲಿ ಮಲಗಿದ್ದೆ?"

"ಗೋಪಾಲಸ್ವಾಮಿ ಆಣೆಗೂ ಲಾರೀಲೇ ಕಣಮ್ಮಿ!"

"ಅವನಿಗೇ ಇಬ್ರು ಹೆಂಡ್ರು. ಆಣೆ ಇಡಕ್ಕೆ ಬ್ಯಾರೆ ದ್ಯಾವ್ರು ಸಿಕ್ಕನಿಲ್ವಾ?"

ನನ್ನ ಟವೆಲ್ ಒಣಹಾಕಲು ಬೇರೆ ಹಗ್ಗ ಕಟ್ಟಿದಳು. ವಾರ ಕಳೆಯುವುದರೊಳಗೆ ತೆರಕಣಾಂಬಿಯ ತವರಿಗೆ ಹೋದಳು. ಮನೆ ಬಿಟ್ಟು ಹೋಗುವುದು ಹೇಗೆಂದು ನನಗೆ ಗೊತ್ತಿತ್ತು. ಬಿಟ್ಟು ಹೋದ ಮನೆಯಲ್ಲಿ ಉಳಿಯುವುದು ಹೇಗೆಂದು ಅವತ್ತೇ ಗೊತ್ತಾದದ್ದು.

೩. ಡಾಕ್ಟರಮ್ಮ

ಚಾಮರಾಜನಗರದ ಡಾಕ್ಟರಮ್ಮ ಮೊದಲು ಉಗುರು, ಕಿವಿಹಿಂದೆ, ತಲೆ ನೋಡಿದರು.

"ಮೇಡಂ, ಕಾಯಿಲೆ ಅಷ್ಟು ಮೇಲಿಲ್ಲ."

"ಗೊತ್ತು. ಅದರ ನೆಂಟರು ಇಲ್ಲಿದ್ದಾರಾ ನೋಡ್ತಿದೀನಿ."

ಉಗುರಿನ ಮೇಲೆ ಸೂಜಿ ಚುಚ್ಚಿದಂಥ ಗುಳಿಗಳಿದ್ದವು. ಆಮೇಲೆ ಪರದೆ ಎಳೆದು ಕೆಳಗೂ ನೋಡಿದರು. "ಸೋರಿಯಾಸಿಸ್. ಸಂದಿನಲ್ಲಿ ಹೊಟ್ಟು ಏಳಲ್ಲ, ಅದಕ್ಕೇ ಹುಳುಕಡ್ಡಿ ಅನ್ಕೊಂಡಿದ್ದೀಯ. ಯಾರಿಗೂ ಅಂಟಲ್ಲ. ಆ ಟ್ಯೂಬ್ ಬಿಸಾಕು, ಅಲ್ಲಿ ಚರ್ಮ ತೆಳು. ನಾನು ಕೊಡೋದನ್ನ ತೆಳ್ಳಗೆ, ಹೇಳಿದಷ್ಟೇ ದಿನ ಹಚ್ಚು. ಪೂರ್ತಿ ವಾಸಿ ಅಂತಿಲ್ಲ, ಬರುತ್ತೆ, ಹೋಗುತ್ತೆ."

"ನನ್ನ ಹೆಂಡ್ತಿ ನನ್ನ ಬಗ್ಗೇನೂ ಇದೇ ಹೇಳೋದು ಮೇಡಂ."

ಅವಳಿಗೆ ತೋರಿಸಲು ಕನ್ನಡದಲ್ಲೇ ಚೀಟಿ ಬರೆಸಿಕೊಂಡೆ.

೪. ಚೀಟಿ

ಚೀಟಿ ಹಿಡಿದು ತೆರಕಣಾಂಬಿಗೆ ಹೋದರೆ ಅದು ಮಾವನ ಕೈ ಸೇರಿತು. ಅಳಿಯನ ಮಾನ ಉಳಿಸಬೇಕೆಂದು ಜಗಲಿಯ ಮೇಲೆ ನಿಂತು ಬೀದಿಗೇ ಓದಿದರು: "ತೊಡೆಸಂದಿನ ಸೋರಿಯಾಸಿಸ್. ಅಂಟುರೋಗವಲ್ಲ. ನಡತೆಗೆ ಸಂಬಂಧವಿಲ್ಲ!"

ಮಾರನೇ ಬೆಳಗ್ಗೆ ಟೀ ಅಂಗಡಿಯಲ್ಲಿ ಎಲ್ಲರದೂ ಒಂದೇ ವಿಚಾರಣೆ: "ಈಗೆಂಗದೆ ಭಾವ, ಜಾಗ?"

ತಲೆತಗ್ಗಿಸಿ ಬಂದು ಚೀಲಕ್ಕೆ ಬಟ್ಟೆ ತುಂಬತೊಡಗಿದೆ. ಹೆಂಡತಿ ಹಿತ್ತಿಲಲ್ಲಿ ನನ್ನ ಟವೆಲನ್ನು ತನ್ನ ಸೀರೆಯ ಜೊತೆಗೇ ಒಗೆದು ಒಂದೇ ಹಗ್ಗಕ್ಕೆ ಹಾಕಿದ್ದಳು.

"ಕಾಯಿಲೆಗೆ ಎದ್ರಿ ಬಂದ್ನಾ ನಾನು? ನಂಗೂ ಮುಚ್ಚಿಟ್ಟೆ ನೋಡು, ಅದಕ್ಕೆ ಬಂದೆ" ಅಂದಳು. ನನ್ನ ಚೀಲದ ಕಡೆ ನೋಡಿ, "ಟವೆಲ್ ಒಣಗ್ಲಿ, ಆಮೇಲ್ ಓಗು."

ಕೂತೆ. ಒಳ್ಳೇ ಬಿಸಿಲು, ಒಳ್ಳೇ ಗಾಳಿ. ಮಧ್ಯಾಹ್ನವಾದರೂ ಟವೆಲ್ ಒದ್ದೆ. ಎದ್ದು ಹೋಗಿ ಇಣುಕಿದರೆ, ಒಣಗಿದ ಟವೆಲನ್ನು ಅವಳು ಮತ್ತೆ ಬಕೆಟ್ಟಿಗೆ ಅದ್ದುತ್ತಿದ್ದಳು.

ಹೊರಗೆ, ನನ್ನನ್ನು ಲೋಡಿಗೆ ಕರೆದೊಯ್ಯಲು ಬಂದ ಲಾರಿಯವನು ಹಾರನ್ ಹೊಡೆದ. ಟವೆಲನ್ನು ಅವಳ ಕೈಯಿಂದ ಇಸಿದುಕೊಂಡು, ಹಿಂಡಿ, ಒದ್ದೆಯದನ್ನೇ ಚೀಲಕ್ಕೆ ತುಂಬಿ ಲಾರಿ ಕಡೆ ನಡೆದೆ.