ಹೆಡ್‌ಮಾಸ್ಟರಿಗೆ ನಾಲ್ಕು ಕಾಲು

ಅಳಿಯ: ಮಾವ, ನಿಮ್ಮ ಫೈಲ್ ಪ್ರಕಾರ ಹೆಡ್‌ಮಾಸ್ಟರ್ ಒಂದು ಎಮ್ಮೆ.

ಮಾವ: ನನ್ನ ಫೈಲ್ ಹಾಗನ್ನಲ್ಲ. ನಿಮ್ಮ ಪ್ರೋಗ್ರಾಮ್ ಅನ್ನುತ್ತೆ.

ಅಳಿಯ: ಓದ್ತೀನಿ ಕೇಳಿ. ರೋಗಿ: ಹೆಡ್‌ಮಾಸ್ಟರ್. ಜಾತಿ: ಎಮ್ಮೆ. ತೊಂದರೆ: ಹತ್ತಿರ ಹೋದರೆ ಒದೆಯುವುದು.

ಮಾವ: ಒದೀತಿದ್ದಿದ್ದು ಅವರ ಎಮ್ಮೆ. ಅವರು ಪಾಪ, ಸಾಧು ಮನುಷ್ಯ.

ದನದ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ, ಔಷಧಿ ಬೀರುವಿಗೂ ತೂಕದ ಯಂತ್ರಕ್ಕೂ ನಡುವೆ, ಒಂದೇ ಬೆಂಚಿನ ಮೇಲೆ ಇಬ್ಬರೂ ಕುಳಿತಿದ್ದರು. ಮಾವ ಅಲ್ಲಿಯ ಕಾಂಪೌಂಡರ್. ಬಂದ ಪ್ರಾಣಿಗೊಂದು ಸಾಲಿನಂತೆ, ಇಪ್ಪತ್ತೆರಡು ವರ್ಷಗಳ ಕಾಲ, ಹಳೇ ಕಂಪ್ಯೂಟರಿಗೆ ಒಂದೇ ಬೆರಳಿನಲ್ಲಿ ಕುಟ್ಟಿ ತುಂಬಿದವರು. ನಾಲ್ಕು ಗಂಟೆಯೊಳಗೆ ಆ ಫೈಲ್ ಎಕ್ಸ್‌ಎಂಎಲ್ ಎಂಬ ಹೊಸ ನಮೂನೆಗೆ ಬದಲಾಗಿ ಹೆಡ್ಡಾಫೀಸಿಗೆ ಹೋಗದಿದ್ದರೆ, ಕಂಪ್ಯೂಟರಿನ ಜೊತೆ ಅದೂ ಗುಜರಿಗೆ ಎಂದು ಡಾಕ್ಟರಮ್ಮ ಹೇಳಿಬಿಟ್ಟಿದ್ದರು. ಇಷ್ಟು ವರ್ಷ ಕುಟ್ಟಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ ಎಂದು ಮಾವನಿಗೆ ಮೂರು ದಿನದಿಂದ ಊಟ ಸೇರಿರಲಿಲ್ಲ. ಅದಕ್ಕೇ ಮಗಳ ಗಂಡನಿಗೆ ರಜೆ ಹಾಕಿಸಿ ಕರೆಸಿಕೊಂಡಿದ್ದರು. ಅವನು ಇಪ್ಪತ್ತು ಸಾಲಿನ ಪ್ರೋಗ್ರಾಮ್ ಬರೆದು, ಕೆಲಸ ಮುಗಿಯಿತೆಂದು ಗೋಡೆಗೊರಗಿದ್ದ.

ಅಳಿಯ: ನಿಮ್ಮ ಫೈಲಿಗೆ ತಲೆಬರಹಾನೇ ಇಲ್ಲ. ಮೊದಲ ಇಪ್ಪತ್ತು ಅಕ್ಷರ ಒಂದು ಹೆಸರು, ಮುಂದಿನ ಹತ್ತು ಜಾತಿ, ಆಮೇಲೆ ತೊಂದರೆ. ಆಸ್ಪತ್ರೆಯಲ್ಲಿ ಹೆಸರು ಅಂದ್ರೆ ರೋಗೀದು ಅಂದ್ಕೊಂಡೆ. 'ರೋಗಿ' ಅಂತ ಚೀಟಿ ಅಂಟಿಸ್ದೆ, ಹಿಂದೊಂದು ಮುಂದೊಂದು.

ಮಾವ: ಎರಡೆರಡು ಯಾಕೆ?

ಅಳಿಯ: ಎಕ್ಸ್‌ಎಂಎಲ್ ಅಂದ್ರೇ ಅದು. ಶುರುವಾಯ್ತು ಅಂತ ಒಂದು ಚೀಟಿ, ಮುಗೀತು ಅಂತ ಇನ್ನೊಂದು.

ಮಾವ: ನಿಮ್ಮ ಅತ್ತೆ ಮಾತಿಗೂ ಆ ಎರಡನೇ ಚೀಟಿ ಇದ್ದಿದ್ರೆ ಚೆನ್ನಾಗಿತ್ತು.

ಅಳಿಯ: ಅದಿರ್ಲಿ ಮಾವ. ಪ್ರಾಣಿ ಹೆಸರು ಬಿಟ್ಟು ಮಾಲೀಕರದ್ದು ಯಾಕೆ ಬರೆದ್ರಿ?

ಮಾವ: ಎಮ್ಮೆ ಹೆಸರೇನು ಅಂತ ಕೇಳಿದ್ರೆ ಜನ ನನ್ನ ಮುಖ ನೋಡ್ತಾರೆ. ಇಲ್ಲಿ ಎಲ್ಲರನ್ನೂ ಮಾಲೀಕರ ಲೆಕ್ಕದಲ್ಲೇ ಕೂಗೋದು. 'ಪೋಸ್ಟ್‌ಮ್ಯಾನ್' ಅಂದ್ರೆ ನಾಯೀನೇ ಎದ್ದು ಬರ್ತಿತ್ತು. ಪೋಸ್ಟ್‌ಮ್ಯಾನ್ ಅದರ ಹಿಂದೆ ಬರ್ತಿದ್ದ.

ಅಳಿಯ: ಅದನ್ನ ಮೊದಲೇ ಹೇಳ್ಬೇಕಲ್ವಾ?

ಮಾವ: ನೀವು ಕೇಳ್ಬೇಕಲ್ವಾ? ಕುಣಿಯೋಕೆ ಬರದೋರು ನೆಲ ಡೊಂಕು ಅಂದ್ರಂತೆ.

ಪರದೆಯನ್ನು ಕೆಳಕ್ಕೆ ಸರಿಸುತ್ತಿದ್ದ ಅಳಿಯ ಥಟ್ಟನೆ ನಿಲ್ಲಿಸಿದ.

ಅಳಿಯ: ಇದೇನಿದು? ರೋಗಿ: ಅಳಿಯಂದ್ರು. ಜಾತಿ: ಮೇಕೆ. ತೊಂದರೆ: ಸಿಕ್ಕಿದ್ದೆಲ್ಲ ತಿನ್ನುವುದು.

ಮಾವ: ಹೋದ ವರ್ಷ ನೀವೇ ಹಿಡ್ಕೊಂಡು ಬಂದ ಮೇಕೆ.

ಅಳಿಯ: ಕೊನೇಲಿ 'ಗುಣವಾಗುವ ಲಕ್ಷಣವಿಲ್ಲ, ಮಗಳಿಗೆ ತಿಳಿಸಿದೆ' ಅಂತಿದೆ. ಇದೂ ಮೇಕೆ ವಿಷಯಾನೇ?

ಮಾವ ಕನ್ನಡಕ ತೆಗೆದು ಒರೆಸಿದರು. ಒರೆಸುವಷ್ಟು ಧೂಳು ಅದರ ಮೇಲಿರಲಿಲ್ಲ.

ಮಾವ: ಗಂಟೆ ಮೂರೂವರೆ. ಸರಿಮಾಡೋ ದಾರಿ ನೋಡಿ.

ಅಳಿಯ: 'ರೋಗಿ' ತೆಗೆದು 'ಮಾಲೀಕರು' ಅಂತ ಹಾಕಿದ್ರಾಯ್ತು. ಒಂದು ಪದ ಬದಲಾಯಿಸಿದ್ರೆ ಒಂಬತ್ತು ಸಾವಿರ ಸಾಲೂ ಸರಿಹೋಗುತ್ತೆ.

ಮಾವ: ಒಂದು ಪದಕ್ಕೆ ಬೆಳಗ್ಗೆಯಿಂದ ಗುದ್ದಾಡಿದ್ವಾ?

ಹೆಡ್‌ಮಾಸ್ಟರ್ ಮತ್ತೆ ಮನುಷ್ಯರಾದರು. ಅಳಿಯ ಫೈಲ್ ಕಳಿಸಿದ. ಪರದೆಯ ಮೇಲೆ ಕೆಂಪಕ್ಷರ ಮೂಡಿತು: 'ತಿರಸ್ಕರಿಸಲಾಗಿದೆ. ಈ ದಾಖಲೆಗಳು ಈಗಾಗಲೇ ನಮ್ಮಲ್ಲಿವೆ.' ಮಾವನ ಜೀವ ಬಾಯಿಗೆ ಬಂತು.

ಮಾವ: ಈಗಾಗಲೇ ಅಂದ್ರೆ?

ಅಳಿಯ: ದಾರಿ ಸರಿಯಿದ್ಯಾ ನೋಡೋಣ ಅಂತ ಹನ್ನೊಂದು ಗಂಟೆಗೆ ಒಂದ್ಸಲ ಕಳಿಸಿದ್ದೆ.

ಮಾವ: ಎಮ್ಮೆ ಹೆಡ್‌ಮಾಸ್ಟರನ್ನಾ?

ಅಳಿಯ: ಹೂಂ.

ಮಾವ: ಅವರು ಓದ್ಲಿಲ್ವಾ?

ಅಳಿಯ: ಅವರ ಮೆಷೀನು ಚೀಟಿಗಳು ಜೋಡಿ ಇದ್ಯಾ ಅಂತ ಮಾತ್ರ ನೋಡುತ್ತೆ. ಮಧ್ಯೆ ಯಾರಿದ್ದಾರೆ ಅಂತ ನೋಡಲ್ಲ.

ಮಾವ: ಅಂದ್ರೆ ನನ್ನ ಫೈಲ್ ಉಳೀತಾ?

ಅಳಿಯ: ಉಳೀತು. ತಪ್ಪಾಗಿ ಉಳೀತು ಮಾವ.

ಮಾವ: ಉಳೀತಲ್ಲ!

ಮಾವನಿಗೆ ಹೋದ ಜೀವ ಬಂದಂತಾಯಿತು. ಮೂರು ದಿನದಲ್ಲಿ ಮೊದಲ ಸಲ ಹಸಿವಾಯಿತು. ಡಬ್ಬಿ ಬಿಚ್ಚಬೇಕು ಎನ್ನುವಷ್ಟರಲ್ಲಿ ಡಾಕ್ಟರಮ್ಮ ಮೊಬೈಲ್ ಹಿಡಿದು ಬಾಗಿಲಲ್ಲಿ ನಿಂತರು.

ಡಾಕ್ಟರಮ್ಮ: ಹೆಡ್ಡಾಫೀಸಿಂದ ಮೆಸೇಜ್ ಬಂದಿದೆ. 'ರೋಗಿ: ಡಾಕ್ಟರಮ್ಮ. ಜಾತಿ: ಬೆಕ್ಕು. ತೊಂದರೆ: ಕಾರಣವಿಲ್ಲದೆ ಪರಚುವುದು. ನಿಮ್ಮ ಈ ವರ್ಷದ ಲಸಿಕೆ ಬಾಕಿಯಿದೆ.' ಇದನ್ನ ಬರೆದೋರು ಯಾರು?

ಅಳಿಯ ತೂಕದ ಯಂತ್ರದ ಮುಳ್ಳನ್ನೇ ನೋಡತೊಡಗಿದ. ಮಾವ ಎದ್ದು ನಿಂತು, ಅಂಗಿಯ ಗುಂಡಿ ಸರಿಮಾಡಿಕೊಂಡರು.

ಮಾವ: ಬರೆದಿದ್ದು ನಾನೇ ಡಾಕ್ಟ್ರಮ್ಮ. ನಿಮ್ಮನ್ನ ಬೆಕ್ಕು ಮಾಡಿದ್ದು ಮಾತ್ರ ನಮ್ಮ ಅಳಿಯಂದ್ರು.